ನಾಲ್ಕನೇ ಪೊಟ್ಟಣ

ಬಸ್ಸು ಕೋಲ್ಸ್ ಪಾರ್ಕ್ ದಾಟುವ ಹೊತ್ತಿಗೆ ಭೀಮೇಶನಿಗೆ ತನ್ನ ಹೆಬ್ಬೆರಳು ಅರಗಿನ ವಾಸನೆ ಹೊಡೆಯುತ್ತಿದೆ ಅನ್ನಿಸಿತು. ಮೂಗಿನ ಹತ್ತಿರ ತಂದು ನೋಡಿದ. ಬೆಳಗಿನ ಸೋಪು, ಬಸ್ಸಿನ ಕಂಬಿಯ ಕಬ್ಬಿಣ, ಅಷ್ಟೇ. ಪಕ್ಕದಲ್ಲಿ ಕೂತಿದ್ದ ಮುದುಕ ಅವನನ್ನೊಮ್ಮೆ ನೋಡಿ ತನ್ನ ತರಕಾರಿ ಚೀಲವನ್ನು ಕಾಲ ಸಂದಿಗೆ ಎಳೆದುಕೊಂಡ. ಮುದುಕನದೇನೂ ತಪ್ಪಿಲ್ಲ, ಐವತ್ತನಾಲ್ಕು ವರ್ಷದ, ಇಸ್ತ್ರಿ ಅಂಗಿಯ, ತೊಡೆಯ ಮೇಲೆ ಸರ್ಕಾರಿ ಫೈಲು ಇಟ್ಟುಕೊಂಡ ಮನುಷ್ಯ ಬೆಳಿಗ್ಗೆ ಒಂಬತ್ತೂವರೆಗೆ ಬೆರಳು ಮೂಸುತ್ತ ಕೂತರೆ ಯಾರಿಗಾದರೂ ಅನುಮಾನ ಬರಬೇಕಾದ್ದೇ. ಮನೆಯಲ್ಲಿ ಹೆಂಡತಿಯೂ ಹೀಗೇ ನೋಡಿದ್ದಳು. ಎರಡನೇ ಇಡ್ಲಿ ಮುರಿದು ಸಾಂಬಾರಿನಲ್ಲಿ ಅದ್ದಿದವನು ತಿನ್ನುವುದನ್ನೇ ಮರೆತು, ಅದು ಕರಗಿ ತಳ ಸೇರುವವರೆಗೂ ನೋಡುತ್ತ ಕೂತಿದ್ದನಂತೆ. ಕೋರ್ಟಿಗೆ ಹೋಗುವುದು ನಿಮಗೇನು ಹೊಸದಾ ಎಂದು ಅವಳು ಕೇಳಿದ್ದಳು. ಹೊಸದಲ್ಲ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಸವೆಸಿದವನಿಗೆ ಸಾಕ್ಷಿಕಟ್ಟೆ ಹತ್ತಿ ಇಳಿಯುವುದು ಬಸ್ಸು ಹತ್ತಿ ಇಳಿದಷ್ಟೇ ಸಲೀಸು. ರಕ್ತ ಹೌದು, ಮನುಷ್ಯನದು ಹೌದು, ಇಂಥವರದೇ ಹೌದು, ಸಹಿ ನನ್ನದು ಹೌದು. ನಾಲ್ಕು ಸಲ ಹೌದು ಅಂದು ಮಧ್ಯಾಹ್ನದ ಊಟಕ್ಕೆ ವಾಪಸು ಬಂದುಬಿಡಬಹುದು. ಇವತ್ತು ಐದನೆಯದೊಂದು ಹೌದು ಇತ್ತು, ಮತ್ತು ಅದು ಸುಳ್ಳಾಗಿತ್ತು. ಮೂರೂವರೆ ವರ್ಷದ ಹಿಂದೆ ಅದನ್ನು ಬರೆದು ಕೆಳಗೆ ಸಹಿ ಹಾಕಿದವನು ಅವನೇ.

ಸುಳ್ಳು ಎಂದರೆ ದೊಡ್ಡದೇನಲ್ಲ, ವರದಿಯ ಎರಡನೇ ಪ್ಯಾರಾದಲ್ಲಿ ಬರುವ ಒಂದು ಸಾಲು. ಪೊಟ್ಟಣಗಳ ಮೊಹರುಗಳು ಅಖಂಡವಾಗಿದ್ದು ಮಾದರಿ ಮೊಹರಿನೊಂದಿಗೆ ತಾಳೆಯಾಗಿವೆ. ಮದುವೆ ಪತ್ರಿಕೆಯ ನೆತ್ತಿಯ ಮೇಲಿನ ದೇವರ ಹೆಸರಿನ ಹಾಗೆ ಅದು ಪ್ರತಿ ವರದಿಯಲ್ಲೂ ಇರುತ್ತದೆ, ಯಾರೂ ಓದುವುದಿಲ್ಲ. ಆದರೆ ಇಡೀ ವರದಿ ನಿಂತಿರುವುದು ಅದರ ಮೇಲೆ. ಕೊಲೆಯಾದ ಜಾಗದಲ್ಲೋ ಆರೋಪಿಯ ಮನೆಯಲ್ಲೋ ಸಿಕ್ಕ ವಸ್ತುವನ್ನು ಪೊಲೀಸರು ಬಿಳಿ ಬಟ್ಟೆಯಲ್ಲಿ ಸುತ್ತಿ ಹೊಲಿದು, ದಾರದ ಗಂಟುಗಳ ಮೇಲೆ ಅರಗು ಕರಗಿಸಿ, ಆರುವ ಮೊದಲು ಹಿತ್ತಾಳೆಯ ಮೊಹರು ಒತ್ತಿ, ಆ ಮೊಹರನ್ನು ಅಲ್ಲಿಯೇ ಪಂಚರ ಕೈಗೆ, ಅಂದರೆ ಮಹಜರಿಗೆ ಸಾಕ್ಷಿ ನಿಂತ ಹೊರಗಿನವರ ಕೈಗೆ, ಕೊಟ್ಟುಬಿಡಬೇಕು. ಆಮೇಲೆ ಪೊಟ್ಟಣವನ್ನು ಯಾರು ಬಿಚ್ಚಿದರೂ ಅರಗು ಒಡೆಯುತ್ತದೆ; ಒಡೆದದ್ದನ್ನು ಮತ್ತೆ ಒತ್ತೋಣವೆಂದರೆ ಮೊಹರು ಠಾಣೆಯಲ್ಲಿರುವುದಿಲ್ಲ. ಪ್ರಯೋಗಾಲಯದ ಕೌಂಟರಿನಲ್ಲಿ ಕೂತವನು ಅರಗು ಒಡೆದಿದೆಯೇ ನೋಡಬೇಕು, ಕಾಗದದ ಮೇಲೆ ಒತ್ತಿ ಕಳಿಸಿದ ಮಾದರಿಯ ಜೊತೆ ತಾಳೆ ನೋಡಬೇಕು, ಸರಿಯಿಲ್ಲದಿದ್ದರೆ ತಂದವನ ಕೈಗೇ ವಾಪಸು ಕೊಡಬೇಕು. ಇದರಲ್ಲಿ ವಿಜ್ಞಾನವೇನೂ ಇಲ್ಲ, ಅಂಚೆ ಕಚೇರಿಯವನೂ ಮಾಡಬಹುದಾದ ಕೆಲಸ. ಆದರೆ ಒಳಗಿನ ಯಂತ್ರಗಳು ರಕ್ತ ಯಾರದೆಂದು ಹೇಳುತ್ತವೆಯೇ ಹೊರತು ಅದು ಬಟ್ಟೆಯ ಮೇಲೆ ಹೇಗೆ ಬಂತೆಂದು ಹೇಳುವುದಿಲ್ಲ. ನಡುವೆ ಯಾರೂ ಕೈ ಹಾಕಿಲ್ಲ ಎಂದು ಹೇಳಲು ಇರುವುದು ಆ ಬೆರಳಗಲದ ಕೆಂಪು ಅರಗೊಂದೇ.

ಆ ಕೌಂಟರಿನಲ್ಲಿ ವಾರಕ್ಕೆರಡು ದಿನ ಭೀಮೇಶನ ಸರದಿ. ಅವನ ಸರದಿ ಎಂದು ಗೊತ್ತಾದರೆ ಪೊಲೀಸರು ಕೆ.ಆರ್. ಪುರದ ತೂಗುಸೇತುವೆಯಿಂದಲೇ ತಿರುಗಿ ಹೋಗುತ್ತಾರೆಂದು ಸಹೋದ್ಯೋಗಿಗಳು ನಗುತ್ತಿದ್ದರು. ವಾಪಸ್ ಭೀಮೇಶ ಎಂಬ ಹೆಸರು ಎದುರಿಗೇ ಚಾಲ್ತಿಯಲ್ಲಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಪ್ರತಿ ಪೊಲೀಸನೂ ಜಗತ್ತಿನಲ್ಲಿ ತಾನೇ ಮೊದಲು ಹೇಳುತ್ತಿರುವವನಂತೆ ಅವನ ಮುಂದೆ ಹೇಳಿ ಹೋಗುತ್ತಿದ್ದ. ಭೀಮೇಶನಿಗೆ ಒಳಗೊಳಗೇ ಹೆಮ್ಮೆ. ಅವನಪ್ಪ ಪೀರಪ್ಪ ವಿಮಾನಪುರದ ಕಾರ್ಖಾನೆಯಲ್ಲಿ ವಿಮಾನದ ತಗಡುಗಳಿಗೆ ರಿವೆಟ್ಟು ಬಡಿದು ಬದುಕಿದವನು. ಸಡಿಲ ರಿವೆಟ್ಟು ಬಡಿದವನಿಗೆ ಗೊತ್ತಾಗುವುದಿಲ್ಲ, ಮೇಲೆ ಹಾರಿದವನಿಗೆ ಗೊತ್ತಾಗುವುದು ಎಂದು ಅನ್ನದ ಮುಂದೆ ಕೂತಾಗಲೆಲ್ಲ ಹೇಳುತ್ತಿದ್ದ. ಆದರೆ ಮೂರೂವರೆ ವರ್ಷದ ಹಿಂದಿನ ಆ ಗುರುವಾರ ಬೆಳಿಗ್ಗೆ ಉಪನಿರ್ದೇಶಕ ಮಧುಕರ್ ಮೀಟಿಂಗಿನಲ್ಲಿ ತಿಂಗಳ ಪಟ್ಟಿ ಓದಿದರು. ವಾಪಸು ಹೋದ ಪೊಟ್ಟಣಗಳಲ್ಲಿ ಮುಕ್ಕಾಲು ಪಾಲು ಒಬ್ಬರ ಕೈಯಿಂದಲೇ ಹೋಗಿವೆ ಎಂದರು, ಹೆಸರು ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಭೀಮೇಶ ತಾನೇ ಎದ್ದು ನಿಂತು ಸಮಜಾಯಿಷಿ ಶುರುಮಾಡಿದ. ಮಧುಕರ್ ನಗುತ್ತಲೇ, “ಕೂತ್ಕೊಳ್ರೀ ಭೀಮೇಶ್. ನಾವಿರೋದು ಪೊಲೀಸ್ರ ತನಿಖೆಗೆ ಸಹಾಯ ಮಾಡೋಕೆ, ಅವ್ರಿಗೆ ಪರೀಕ್ಷೆ ಇಡೋಕಲ್ಲ. ನಿಮ್ಮಂಥೋರ ಕೈಗೆ ರೂಲ್ಸ್ ಬುಕ್ ಸಿಕ್ಬಿಟ್ರೆ ಇದೇ ಕಷ್ಟ ನೋಡಿ” ಅಂದರು. ಮೇಜಿನ ಸುತ್ತ ಹದಿನಾಲ್ಕು ಜನ ಇದ್ದರು. ಇಬ್ಬರು ನಕ್ಕರು, ಉಳಿದವರು ಬಿಸ್ಕತ್ತಿನ ತಟ್ಟೆ ನೋಡಿದರು. ಎಂಥವರು ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಪೀರಪ್ಪನ ಮಗ, ಮೀಸಲಾತಿಯ ಹುದ್ದೆ, ಮೇಜಿನ ಗಾಜಿನ ಕೆಳಗೆ ಬಾಬಾಸಾಹೇಬರ ಪುಟ್ಟ ಪಟ. ಭೀಮೇಶ ಕೂತುಕೊಂಡ, ಬಿಸ್ಕತ್ತನ್ನೂ ತಿಂದ.

ಜಗದೀಶ ಬಂದದ್ದು ಅದೇ ಗುರುವಾರ ಸಂಜೆ ನಾಲ್ಕಕ್ಕೆ. ಹಲಸೂರು ಕಡೆಯ ಯಾವುದೋ ಠಾಣೆಯ ಕಾನ್‌ಸ್ಟೆಬಲ್, ರಟ್ಟಿನ ಪೆಟ್ಟಿಗೆಯನ್ನು ಮಗುವಿನ ಹಾಗೆ ಎದೆಗವಚಿಕೊಂಡಿದ್ದ. ಅದು ಅವನ ಮೂರನೇ ಸವಾರಿ. ಮೊದಲ ಸಲ ಪತ್ರದಲ್ಲಿ ಎಸಿಪಿ ಸಹಿ ಇರಲಿಲ್ಲ, ಎರಡನೇ ಸಲ ಮಾದರಿ ಮೊಹರು ಮಸುಕಾಗಿತ್ತು. ಎರಡು ಸಲವೂ ವಾಪಸು ಕಳಿಸಿದವನು ಭೀಮೇಶನೇ. ಈ ಸಲ ಕಾಗದಗಳೆಲ್ಲ ಸರಿಯಿದ್ದವು. ಐದು ಪೊಟ್ಟಣಗಳಲ್ಲಿ ನಾಲ್ಕನೆಯದರ ಅರಗು ಮಾತ್ರ ಚೂರುಚೂರಾಗಿತ್ತು. ದಾರ ಒಂದು ಮೂಲೆಯಲ್ಲಿ ಸಡಿಲಾಗಿ, ಒಳಗಿನ ಅಂಗಿಯ ಕಾಲರಿನ ತುದಿ ಕಾಣುತ್ತಿತ್ತು. ಬಸ್ಸಿನಲ್ಲಿ ಯಾರೋ ದಪ್ಪನೆಯ ಹೆಂಗಸು ಮೇಲೆ ಬಿದ್ದಳೆಂದು ಜಗದೀಶ ಹೇಳಿದ. ಮಗಳಿಗೆ ಎರಡು ದಿನದಿಂದ ಜ್ವರ, ಇವತ್ತೂ ಕೊಡದೆ ಹೋದರೆ ಇನ್ಸ್‌ಪೆಕ್ಟರು ಜನ್ಮ ಜಾಲಾಡುತ್ತಾರೆ ಎಂದೂ ಹೇಳಿದ. ಭೀಮೇಶ ವಾಪಸು ಚೀಟಿಯ ಪುಸ್ತಕವನ್ನು ಎಳೆದುಕೊಂಡ, ಕಾರ್ಬನ್ ಇಟ್ಟ, ಪೆನ್ನಿನ ಮುಚ್ಚಳ ತೆಗೆದ. ನಿಮ್ಮಂಥೋರ ಕೈಗೆ. ಪೆನ್ನು ಕಾಗದದ ಮೇಲೆ ನಿಂತಿತು. ಜಗದೀಶ ಅದನ್ನು ಗಮನಿಸಿರಬೇಕು. ಪ್ಯಾಂಟಿನ ಜೇಬಿಗೆ ಕೈ ಹಾಕಿ, ಬೈಕಿನ ಕೀ ಗೊಂಚಲಿನ ಜೊತೆ ಒಂದು ಹಿತ್ತಾಳೆಯ ತುಂಡನ್ನು ಹೊರಗೆ ತೆಗೆದ. “ಸೀಲು ನನ್ನತ್ರಾನೇ ಇದೆ ಸಾರ್. ಎರಡೇ ನಿಮಿಷ, ಒತ್ಕೊಟ್ಬಿಡ್ತೀನಿ.”

ಪಂಚರ ಹತ್ತಿರ ಇರಬೇಕಾದ ಮೊಹರು ನಿನ್ನ ಜೇಬಿನಲ್ಲಿ ಹೇಗೆ ಬಂತಪ್ಪಾ ಎಂದು ಭೀಮೇಶ ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆ ಅದೊಂದೇ ಆಗಿತ್ತು. ಕೇಳಿದ್ದರೆ ಉತ್ತರವೂ ಗೊತ್ತಿತ್ತು: ಪಂಚರು ಕೂಲಿ ಮಾಡುವವರು, ಕಳೆದುಹಾಕುತ್ತಾರೆ, ಅದಕ್ಕೇ ಠಾಣೆಯಲ್ಲೇ ಇಟ್ಟುಕೊಳ್ಳುತ್ತೇವೆ, ಎಲ್ಲಾ ಕಡೆ ಹೀಗೇ ಸಾರ್. ಎಲ್ಲಾ ಕಡೆ ಹೀಗೇ ಎಂಬುದು ಭೀಮೇಶನಿಗೂ ಗೊತ್ತಿತ್ತು. ಅವನೇ ಮೇಜಿನ ಖಾನೆಯಿಂದ ಮೇಣದಬತ್ತಿ ತೆಗೆದ, ಅವನೇ ಕಡ್ಡಿ ಗೀರಿದ, ಅರಗಿನ ಕೋಲನ್ನೂ ಅವನೇ ಹಿಡಿದುಕೊಂಡ. ಒಂದು ಹನಿ ಹೆಬ್ಬೆರಳಿನ ಮೇಲೆ ಬಿತ್ತು. ಚುರುಕ್ಕೆಂದಿತು, ಆದರೆ ಕೋಲನ್ನು ಬಿಡಲಿಲ್ಲ. ಜಗದೀಶ ಮೊಹರು ಒತ್ತಿ, ಉಫ್ ಉಫ್ ಎಂದು ಊದಿ ಆರಿಸಿ, ಕಣ್ಣಲ್ಲಿ ನೀರು ತಂದುಕೊಂಡು, ನಿಮ್ಮಂಥೋರು ಅಪರೂಪ ಸಾರ್ ಎಂದು ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡ. ಅವತ್ತು ಸಂಜೆ ಮನೆಗೆ ಹೋಗುವಾಗ ಭೀಮೇಶನಿಗೆ ನಿಜವಾಗಿ ಖುಷಿಯಾಗಿತ್ತು. ಲಿಂಗರಾಜಪುರದ ಫ್ಲೈಓವರಿನ ಕೆಳಗೆ ನಿಂತು ಬಿಸಿ ಬೋಂಡಾ ಕಟ್ಟಿಸಿಕೊಂಡು ಹೋಗಿದ್ದ. ಮಾಡಿದ ತಪ್ಪನ್ನು ಹೇಗೋ ಕ್ಷಮಿಸಿಕೊಂಡಾನು, ಆ ಖುಷಿಯನ್ನು ಮಾತ್ರ ಇವತ್ತಿಗೂ ಕ್ಷಮಿಸಿಕೊಳ್ಳಲು ಆಗಿಲ್ಲ.

ಶಿವಾಜಿನಗರ ಬಂತು. ನೇರ ಕೋರ್ಟಿನ ಮುಂದೆ ಇಳಿಯುವ ಬಸ್ಸಿಗೆ ಬದಲಾಯಿಸಬಹುದಿತ್ತು, ಆದರೆ ಕಾಲುಗಳು ತಾವಾಗಿ ಕಮರ್ಷಿಯಲ್ ಸ್ಟ್ರೀಟಿನ ಕಡೆ ಹೊರಟವು. ಅಂಗಡಿಗಳು ಆಗತಾನೆ ಬಾಗಿಲು ತೆರೆಯುತ್ತಿದ್ದವು. ಈ ಗಲ್ಲಿಗಳಲ್ಲೇ ಎಲ್ಲೋ ಆರೋಪಿ ಖಾದರ್ ಓಡಾಡುತ್ತಿದ್ದನಂತೆ. ಭೀಮೇಶ ಅವನನ್ನು ಕಂಡವನಲ್ಲ, ಪೊಲೀಸರ ಪತ್ರದಲ್ಲಿ ಓದಿದ್ದು. ಮೂವತ್ತು ವರ್ಷದವನು, ಲೇಡೀಸ್ ಟೈಲರುಗಳ ಅಂಗಡಿಯಿಂದ ಅಂಗಡಿಗೆ ಸೈಕಲ್ಲಿನಲ್ಲಿ ಹೋಗಿ ಸೀರೆಗಳನ್ನು ಅಂಚು ಹೊಲಿಯುವ ಪೀಕೋಗೆ, ಬ್ಲೌಸುಗಳನ್ನು ಗುಂಡಿತೂತಿನ ಕಾಜಾಕ್ಕೆ ತೆಗೆದುಕೊಂಡು ಬರುವವನು. ಹಲಸೂರು ಕೆರೆಯ ಹಿಂದಿನ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಭಾಗ್ಯಲಕ್ಷ್ಮಿಯನ್ನು ಅವಳ ಕತ್ತರಿಯಿಂದಲೇ ಯಾರೋ ಇರಿದು ಕೊಂದರು. ಅವಳ ಫೋನಿನಲ್ಲಿದ್ದ ಕೊನೆಯ ಕರೆ ಖಾದರನದು. ಅವನ ಮನೆಯ ಗೂಟದಿಂದ ಒಂದು ಆಕಾಶನೀಲಿ ಅಂಗಿ ಸಿಕ್ಕಿತು. ನಿನ್ನೆ ಸಂಜೆ ಸರ್ಕಾರಿ ವಕೀಲರು ಫೋನು ಮಾಡಿ, ನೋಡಿದೆ ಅಂದಿದ್ದ ಪಕ್ಕದ ಅಂಗಡಿಯವನು ಉಲ್ಟಾ ಹೊಡೆದ, ಈಗ ಕೇಸು ನಿಂತಿರುವುದು ನಿಮ್ಮ ಅಂಗಿಯ ಮೇಲೊಂದೇ ಎಂದು ಉಲ್ಲಾಸವಾಗಿಯೇ ಹೇಳಿದ್ದರು. ನಿಮ್ಮ ಅಂಗಿ ಅಂದಿದ್ದರು. ಭೀಮೇಶ ರಾತ್ರಿಯೆಲ್ಲ ಆ ಎರಡು ಶಬ್ದಗಳನ್ನು ಮಗ್ಗುಲಿಂದ ಮಗ್ಗುಲಿಗೆ ಹೊರಳಿಸುತ್ತಿದ್ದ.

ಒಂದು ಅಂಗಡಿಯ ಮುಂದೆ ಸಾಲಾಗಿ ಅಂಗಿಗಳು ನೇತಾಡುತ್ತಿದ್ದವು, ಒಳಗೆ ಯಾರೂ ಇಲ್ಲದೆ. ಭೀಮೇಶ ನಿಂತ. ಒಂದರ ಎದೆಯ ಭಾಗವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದ. ಮುಂಭಾಗದ ಬಟ್ಟೆ ಹೋಗಿ ಹಿಂಭಾಗಕ್ಕೆ ಅಂಟಿತು. ಎಷ್ಟು ಸುಲಭ. ಒಳಗೆ ಎದೆ ಇದ್ದರೆ, ಪಕ್ಕೆಲುಬುಗಳಿದ್ದರೆ, ಬೆವರುವ ಒಂದು ಬೆನ್ನಿದ್ದರೆ, ಇವೆರಡು ಬಟ್ಟೆಗಳು ಒಂದನ್ನೊಂದು ಮುಟ್ಟಲು ಸಾಧ್ಯವೇ ಇಲ್ಲ. ಆ ಗುರುವಾರ ಕಳೆದು ಮೂರು ವಾರದ ನಂತರ ನಾಲ್ಕನೇ ಪೊಟ್ಟಣ ಅವನ ಮೇಜಿಗೆ ಬಂದಾಗ ಬಿಳಿ ಕಾಗದದ ಮೇಲೆ ಆ ನೀಲಿ ಅಂಗಿಯನ್ನು ಹರವಿದ್ದ. ಎಡ ಎದೆಯ ಕೆಳಗೆ ಅಂಗೈಯಗಲದ ಕಂದು ಕಲೆ. ಸಾಬೂನಿನಂತೆ ಗಟ್ಟಿಯಾಗಿತ್ತು. ಗುಂಡಿ ಬಿಚ್ಚಿ ಮುಂಭಾಗವನ್ನು ಪುಸ್ತಕದ ಹಾಳೆಯಂತೆ ತೆರೆದಾಗ ಬೆನ್ನಿನ ಭಾಗದ ಒಳಮೈಯಲ್ಲಿ ಅದೇ ಆಕಾರದ, ಅದೇ ಓರೆಯ, ತುಸು ಚಿಕ್ಕದಾದ ಇನ್ನೊಂದು ಕಲೆ ಇತ್ತು. ಮುಂದಿನದೇ ಇಳಿದು ಹಿಂದಕ್ಕೆ ಹೋಗಿತ್ತು. ಆ ರಕ್ತ ಬೀಳುವಾಗ ಅಂಗಿ ಚಪ್ಪಟೆಯಾಗಿ ಎಲ್ಲೋ ಬಿದ್ದುಕೊಂಡಿತ್ತು, ಅದರೊಳಗೆ ಮನುಷ್ಯ ಇರಲಿಲ್ಲ. ಅಥವಾ ಇದ್ದ; ಮೈಮೇಲೆ ರಕ್ತ ಚಿಮ್ಮಿಸಿಕೊಂಡು, ಹಸಿಹಸಿಯಾಗಿಯೇ ಬಿಚ್ಚಿ, ಮುದ್ದೆ ಮಾಡಿ ಎಸೆದ. ಅದೂ ಆಗಬಹುದು. ಎರಡರಲ್ಲಿ ಯಾವುದು ಎಂದು ಹೇಳಲು ಒಡೆಯದ ಅರಗಿನ ಮೊಹರು ಒಂದಿದ್ದರೆ ಸಾಕಿತ್ತು. ಅದೇ ಪೆಟ್ಟಿಗೆಯ ಐದನೇ ಪೊಟ್ಟಣದಲ್ಲಿ ಪೋಸ್ಟ್‌ಮಾರ್ಟಂನಲ್ಲಿ ತೆಗೆದ ಭಾಗ್ಯಲಕ್ಷ್ಮಿಯ ರಕ್ತದ ಸೀಸೆ ಇತ್ತು. ಸೀಸೆ ತುಂಬಿರಲಿಲ್ಲ; ಅದರಿಂದ ಯಾರಾದರೂ ಒಂದಿಷ್ಟು ಸುರಿದುಕೊಂಡಿದ್ದರೂ ತಿಳಿಯುವಂತಿರಲಿಲ್ಲ. ಸೀಸೆಗಳು ಯಾವತ್ತೂ ತುಂಬಿರುವುದಿಲ್ಲ.

“ಸೈಜ್ ಎಷ್ಟು ಸಾರ್?” ಅಂಗಡಿಯವನು ಹಿಂದಿನಿಂದ ಕೇಳಿದ. ಭೀಮೇಶನ ಬೆರಳುಗಳು ಇನ್ನೂ ಅಂಗಿಯನ್ನು ಹಿಂಡಿ ಹಿಡಿದಿದ್ದವು. ಬೇಡ, ಸುಮ್ಮನೆ ನೋಡಿದೆ ಎಂದ. ನೋಡೋದಾದ್ರೆ ಕಣ್ಣಲ್ಲಿ ನೋಡಿ ಸಾರ್ ಎಂದು ಅವನು ಅಂಗಿಯನ್ನು ಬಿಡಿಸಿಕೊಂಡು ಮುದುರಿದ ಜಾಗವನ್ನು ಅಂಗೈಯಲ್ಲಿ ತಿಕ್ಕತೊಡಗಿದ. ನಾಲ್ಕು ಹೆಜ್ಜೆ ನಡೆದ ಮೇಲೂ ಅವನ ದೃಷ್ಟಿ ತನ್ನ ಬೆನ್ನಿನ ಮೇಲಿದೆ ಅನ್ನಿಸಿ ಭೀಮೇಶನ ಕಿವಿ ಬಿಸಿಯಾಯಿತು. ಹೀಗೇ ಒಂದು ಸಲ, ಆ ನೀಲಿ ಅಂಗಿ ನೋಡಿದ ಮಾರನೇ ದಿನ, ಮಧುಕರರ ಕೋಣೆಯ ಬಾಗಿಲಿಗೂ ಹೋಗಿ ನಿಂತಿದ್ದ. ಕಲೆಯ ಬಗ್ಗೆ ಒಂದು ಮಾತು ಸೇರಿಸಬೇಕಾಗಬಹುದು ಸಾರ್ ಎಂದು ಅರ್ಧ ಹೇಳುವಷ್ಟರಲ್ಲಿ, ಪೊಲೀಸರು ಕೇಳಿರುವುದು ಎಷ್ಟು ಪ್ರಶ್ನೆ ಎಂದು ಅವರು ಕೇಳಿದರು. ಮೂರು. ರಕ್ತವೇ, ಮನುಷ್ಯನದೇ, ಮೃತಳದೇ. ಮೂರಕ್ಕೆ ಮೂರು ಉತ್ತರ ಕೊಡಿ ಎಂದರು. ಆ ರಕ್ತ ಬೀಳುವಾಗ ಅಂಗಿಯೊಳಗೆ ಯಾರಾದರೂ ಇದ್ದರೇ ಎಂದು ಪತ್ರದಲ್ಲಿ ಯಾರೂ ಕೇಳಿರಲಿಲ್ಲ. ಕಲೆಗಳು ಎರಡು ಎಂದು ಬರೆದ, ಎಲ್ಲೆಲ್ಲಿ ಎಂದು ಬರೆಯಲಿಲ್ಲ. ಬರೆದಿದ್ದರೆ ಮುಂದಿನ ಪ್ರಶ್ನೆ ಮೊಹರಿನದು. ಅದರ ಮುಂದಿನದು ಮೇಣದಬತ್ತಿ ಹಚ್ಚಿದವರು ಯಾರು ಎಂಬುದು.

ಹೇಳಿಬಿಡುತ್ತೇನೆ ಎಂದು ಕಾಮರಾಜ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತು ಅವನು ನಿಶ್ಚಯ ಮಾಡಿದ. ರಸ್ತೆ ದಾಟುವಷ್ಟರಲ್ಲಿ ಅದು ಸಡಿಲವಾಗಿತ್ತು. ಹೇಳಿದರೆ ಖಾದರ್ ಮನೆಗೆ ಹೋಗುತ್ತಾನೆ, ಹೇಳದಿದ್ದರೆ ಜೀವಾವಧಿ. ಲೆಕ್ಕ ಇಷ್ಟು ಸರಳ. ಆದರೆ ಅವನೇ ಕೊಂದಿದ್ದರೆ? ಕೊಂದವನೊಬ್ಬ ತನ್ನ ಬಾಯಿಂದ ಬಿಡುಗಡೆಯಾಗಿ ಮತ್ತೆ ಸೈಕಲ್ಲು ತುಳಿದುಕೊಂಡು ಹೋದರೆ? ಕೊಲ್ಲದೆ ಇದ್ದರೆ, ಈಗಾಗಲೇ ಮೂರೂವರೆ ವರ್ಷ. ಇಲಾಖೆಯ ವಿಚಾರಣೆ ಬಿಡು, ಮುಂದಿನ ತಿಂಗಳು ಬರಬೇಕಿರುವ ಬಡ್ತಿ ಬಿಡು. ಇಪ್ಪತ್ತಾರು ವರ್ಷದಲ್ಲಿ ಅವನು ಸಹಿ ಹಾಕಿದ ಸಾವಿರಾರು ವರದಿಗಳಲ್ಲೂ ಅದೇ ಸಾಲಿದೆ, ನಾಳೆಯಿಂದ ಪ್ರತಿ ವಕೀಲನೂ ಒಂದೊಂದನ್ನು ಹಿಡಿದು ಬರುತ್ತಾನೆ. ಇವೆಲ್ಲ ನಿಜವಾದ ಹೆದರಿಕೆಗಳೇ, ಆದರೆ ಇವುಗಳ ತಳದಲ್ಲಿ ಇನ್ನೊಂದಿತ್ತು, ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಮಧುಕರ್ ತಪ್ಪು ಮಾಡಿದರೆ ಅದು ಮಧುಕರರ ತಪ್ಪು. ಭೀಮೇಶ ತಪ್ಪು ಮಾಡಿದರೆ ಅದು ಅವನೊಬ್ಬನ ತಪ್ಪಾಗಿ ಉಳಿಯುವುದಿಲ್ಲ. ನಾವು ಅವತ್ತೇ ಹೇಳಲಿಲ್ಲವಾ ಎಂದು ಬಿಸ್ಕತ್ತಿನ ತಟ್ಟೆಯ ಸುತ್ತ ಕೂತವರು ಹೇಳುತ್ತಾರೆ, ಪರೀಕ್ಷೆ ಪಾಸಾಗಿ ಅವನ ಹಾಗೇ ಮೀಸಲಾತಿಯ ಹುದ್ದೆಗೆ ಈ ವರ್ಷ ಬಂದ ಇಬ್ಬರು ಹುಡುಗಿಯರು ಅದನ್ನು ಕೇಳಿಸಿಕೊಳ್ಳುತ್ತಾರೆ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಇಲ್ಲಿ ಹೋಗುವುದು ಯಾರ ಮಾನ ಎಂದು ಗಾದೆ ಕಟ್ಟಿದವರಿಗೆ ಗೊತ್ತಿರಲಿಲ್ಲ. ಕೇಳಿದರೆ ಹೇಳುತ್ತೇನೆ ಎಂದು ಕೊನೆಗೆ ಅವನು ತನ್ನೊಂದಿಗೇ ಒಪ್ಪಂದ ಮಾಡಿಕೊಂಡ. ಖಾದರನ ಪರ ವಕೀಲರು ಮೊಹರಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿ, ಹಸಿ ಹಸಿಯಾಗಿ ಎಲ್ಲವನ್ನೂ ಹೇಳಿಬಿಡುವುದು. ಹಾಗೆಂದುಕೊಂಡ ಮೇಲೆ ಎದೆ ಹಗುರಾಗಿ ಒಂದು ಲೋಟ ಕಾಫಿ ಕುಡಿದ.

ಮೇಯೋ ಹಾಲಿನ ಕೋರ್ಟು ಕಾರಿಡಾರಿನ ಬೆಂಚಿನ ಆ ತುದಿಗೊಬ್ಬಳು, ಈ ತುದಿಗೊಬ್ಬಳು ಹೆಂಗಸು ಕೂತಿದ್ದರು. ನಡುವೆ ಮೂರು ಜನ ಕೂರುವಷ್ಟು ಜಾಗ ಖಾಲಿಯಿತ್ತು. ಈ ತುದಿಯವಳು ಭಾಗ್ಯಲಕ್ಷ್ಮಿಯ ತಾಯಿ ಗೋವಿಂದಮ್ಮ. ಫೈಲು ಕಂಡು ಎದ್ದು ಬಂದು, ನೀವು ಲ್ಯಾಬಿನವರಾ ಎಂದು ಕೇಳಿದಳು. ಹೌದೆಂದ. ಮುಟ್ಟಲೋ ಬೇಡವೋ ಎಂಬಂತೆ ಅವನ ತೋಳಿನ ಹತ್ತಿರ ಕೈ ತಂದು ನಿಲ್ಲಿಸಿ ಅವಳು ಹೇಳಿದಳು: “ಎಲ್ರೂ ಹೆದ್ರುಕೊಂಡು ಮಾತು ತಿರುಗಿಸಿಬಿಟ್ರು ಸ್ವಾಮಿ. ನನ್ ಮಗಳ ರಕ್ತ ಸುಳ್ಳು ಹೇಳಲ್ಲ ಅಂದ್ರು ಲಾಯರು. ನೀವೊಬ್ರೇ ಇರೋದು ನಮ್ಗೆ.” ಭೀಮೇಶ ತಲೆಯಾಡಿಸಿದ; ಹೌದೆಂದೋ ಅಲ್ಲವೆಂದೋ ಅವನಿಗೇ ಗೊತ್ತಾಗಲಿಲ್ಲ. ಆ ತುದಿಯ ಬುರ್ಖಾದ ಹೆಂಗಸು ಖಾದರನ ತಾಯಿ ಎಂದು ಯಾರೂ ಹೇಳದೆಯೇ ತಿಳಿಯಿತು. ಅವಳು ಏಳಲಿಲ್ಲ, ಅವನ ಚಪ್ಪಲಿಯನ್ನೇ ನೋಡುತ್ತ ಮಡಿಲಲ್ಲಿದ್ದ ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಒತ್ತುತ್ತಿದ್ದಳು, ಅದು ಮುಚ್ಚಿಯೇ ಇದ್ದರೂ.

ಖಾದರನಿಗೆ ಸರ್ಕಾರವೇ ನೇಮಿಸಿದ ವಕೀಲೆ ಮೋನಿಷಾ ಕಿಟಕಿಯ ಹತ್ತಿರ ನಿಂತು ನಾಲ್ಕೈದು ಫೈಲುಗಳನ್ನು ಮೊಣಕೈಯಲ್ಲಿ ಹಿಡಿದು ಫೋನಿನಲ್ಲಿ ಬೇರೆ ಯಾವುದೋ ಕೇಸಿನ ತಾರೀಖು ಕೇಳುತ್ತಿದ್ದಳು. ಇನ್ನೂ ಎಳೆಯ ಮುಖ, ಕೋಟಿನ ತೋಳು ಅಂಗೈವರೆಗೆ ಬಂದಿತ್ತು. ಭೀಮೇಶ ಕಾದ. ಫೋನು ಇಟ್ಟ ಕೂಡಲೇ, ಮೇಡಂ, ಒಂದು ನಿಮಿಷ ಎಂದ. ಅವಳು ಫೈಲಿನ ಮೇಲಿದ್ದ ಪ್ರಯೋಗಾಲಯದ ಹೆಸರನ್ನು ಓದಿ ಹಾವು ಕಂಡವಳಂತೆ ಹಿಂದೆ ಸರಿದಳು. “ಸಾರಿ ಸರ್, ನೀವು ಪ್ರಾಸಿಕ್ಯೂಷನ್ ವಿಟ್ನೆಸ್ಸು. ನಿಮ್ಜೊತೆ ನಾನು ಮಾತಾಡಿದ್ರೆ ತಪ್ಪಾಗುತ್ತೆ.” ತುಂಬ ವಿನಯದಿಂದಲೇ ಹೇಳಿದಳು. ಅವಳು ಹೇಳಿದ್ದು ಸರಿಯಾಗಿಯೂ ಇತ್ತು, ಒಂದು ಕಾಲದಲ್ಲಿ ಅವನೂ ಹೀಗೆಯೇ ವಿನಯದಿಂದ ಪೊಟ್ಟಣಗಳನ್ನು ವಾಪಸು ಕೊಡುತ್ತಿದ್ದ.

ಅವನನ್ನು ಕರೆದಾಗ ಹನ್ನೆರಡೂಕಾಲು. ಪ್ರಮಾಣ ಮಾಡಿಸಿದರು. ಸತ್ಯವನ್ನೇ ಹೇಳುತ್ತೇನೆ ಎಂದ, ಧ್ವನಿ ಸರಿಯಾಗಿಯೇ ಬಂತು. ಸರ್ಕಾರಿ ವಕೀಲರು ಅಂಗಡಿಯ ಸಾಮಾನು ಪಟ್ಟಿ ಓದುವವರಂತೆ ಒಂದೊಂದೇ ಕೇಳಿದರು. ಐದು ಪೊಟ್ಟಣಗಳು ಬಂದವೇ, ಬಂದವು. ಮೊಹರುಗಳು ಅಖಂಡವಾಗಿದ್ದವೇ. ಇಲ್ಲಿ ಒಂದು ಉಸಿರಿನಷ್ಟು ಜಾಗವಿತ್ತು. ಭೀಮೇಶ ನ್ಯಾಯಾಧೀಶರ ಕಡೆ ನೋಡಿದ. ಅವರು ಆಗಲೇ ಬೆರಳಚ್ಚಿನವಳಿಗೆ ಆ ಸಾಲನ್ನು ಹೇಳಿ ಬರೆಸುತ್ತಿದ್ದರು, ಮೊಹರುಗಳು ಅಖಂಡವಾಗಿದ್ದು ತಾಳೆಯಾದವು ಎಂದು ಸಾಕ್ಷಿ ನುಡಿಯುತ್ತಾರೆ. ಅವನು ನುಡಿಯುವ ಮೊದಲೇ ಅದು ಪರದೆಯ ಮೇಲೆ ಮೂಡಿಯಾಗಿತ್ತು. ಹೌದು ಎಂದ. ಅಟೆಂಡರು ನೀಲಿ ಅಂಗಿಯನ್ನು ತಂದು, ಭುಜದ ಹತ್ತಿರ ಎರಡು ಬೆರಳಲ್ಲಿ ಹಿಡಿದು ಎತ್ತಿ ತೋರಿಸಿದ. ಎಡ ಎದೆಯ ಕೆಳಗೆ ಕಲೆ ಈಗ ಕಪ್ಪಾಗಿತ್ತು, ಮಧ್ಯೆ ಪರೀಕ್ಷೆಗೆಂದು ಭೀಮೇಶನೇ ಕತ್ತರಿಸಿ ತೆಗೆದ ಚೌಕಾಕಾರದ ತೂತು. ಆ ತೂತಿನೊಳಗಿಂದ ಹಿಂದಿನ ಕಲೆ ಕಾಣುತ್ತಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು, ಗೋವಿಂದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡರು. ಇದೇ ಅಂಗಿಯೇ? ಇದೇ. ಅಟೆಂಡರು ಅದನ್ನು ಹಳೆಯ ಮಡಿಕೆಯ ಮೇಲೇ ಮಡಿಸಿದ. ಕೈ ಚಾಚಿದ್ದರೆ ಸಾಕಿತ್ತು, ತಡಿ ಎಂದು ಗುಂಡಿ ಬಿಚ್ಚಿ ಬೆನ್ನಿನ ಒಳಗನ್ನು ತೋರಿಸಬಹುದಿತ್ತು. ಭೀಮೇಶ ಎರಡೂ ಕೈಯಲ್ಲಿ ಕಟ್ಟೆಯ ಮರವನ್ನು ಹಿಡಿದು ಪಾಟೀಸವಾಲಿಗಾಗಿ ಕಾದ.

ಮೋನಿಷಾ ಎದ್ದಳು. ಅವನ ಜೀವಮಾನದಲ್ಲಿ ಯಾವ ವಕೀಲರನ್ನೂ ಅವನು ಹೀಗೆ ನೋಡಿರಲಿಲ್ಲ. ಕೇಳಮ್ಮಾ ಎಂದು ಒಳಗೇ ಹೇಳಿದ. ಮೊಹರಿನ ಬಗ್ಗೆ ಕೇಳು, ಮೊಹರು ಯಾರ ಜೇಬಿನಲ್ಲಿತ್ತು ಕೇಳು, ಅಂಗಿಯನ್ನು ಇನ್ನೊಂದು ಸಲ ಬಿಚ್ಚಿಸು. ಅವಳು ವರದಿಯ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿದಳು. ಎರಡನೇ ಪ್ಯಾರಾದ ಮೇಲೆ ಅವಳ ಬೆರಳು ಹಾದುಹೋಯಿತು. ಡಿಎನ್‌ಎ ಎಂದಿರುವ ಪುಟಕ್ಕೆ ಬಂದು, ಸೋತವಳಂತೆ ಒಂದು ಕ್ಷಣ ಅಲ್ಲಿ ನಿಂತಳು. ಆಮೇಲೆ ತಲೆ ಎತ್ತಿ ಎಲ್ಲ ವಕೀಲರೂ ಎಲ್ಲ ಕೇಸಿನಲ್ಲೂ ಕೊನೆಗೆ ಹೇಳುವ ಮಾತನ್ನು ಹೇಳಿದಳು. “ನೀವು ಪರೀಕ್ಷೆಯನ್ನೇ ಮಾಡದೆ ಪೊಲೀಸರು ಹೇಳಿದ ಹಾಗೆ ವರದಿ ಕೊಟ್ಟಿದ್ದೀರಿ ಅಂತ ಹೇಳ್ತೀನಿ.” ಅದು ನಿಜವಲ್ಲ. ಪರೀಕ್ಷೆ ಅವನೇ ಮಾಡಿದ್ದ, ಮೂರು ಸಲ ಮಾಡಿದ್ದ, ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ. ಅವನು ಸತ್ಯವನ್ನೇ ಹೇಳಿದ: ಹಾಗೆಂದರೆ ಸರಿಯಲ್ಲ. ಅವಳು ಕೂತಳು. ಮತ್ತೇನಿಲ್ಲ ಎಂದು ನ್ಯಾಯಾಧೀಶರು ಬರೆಸಿದರು, ಹಾಳೆ ಅಚ್ಚಾಗಿ ಬಂತು, ಭೀಮೇಶ ಸಹಿ ಹಾಕಿದ.

ಸಹಿ ಹಾಕಿದ ಮೇಲೂ ಅವನು ಕಟ್ಟೆಯಿಂದ ಇಳಿಯಲಿಲ್ಲ. ಮುಂದಿನ ಕೇಸಿನ ಫೈಲನ್ನು ಎಳೆದುಕೊಂಡಿದ್ದ ನ್ಯಾಯಾಧೀಶರು ತಲೆ ಎತ್ತಿ ನೋಡಿದರು. ಒಳ್ಳೆಯ ಮನುಷ್ಯ, ದನಿಯಲ್ಲಿ ಬೇಸರ ಇರಲಿಲ್ಲ. “ಏನ್ರೀ, ಇನ್ನೇನಾದ್ರೂ ಹೇಳೋದಿದ್ಯಾ?” ಆರೋಪಿಯ ಕಟಕಟೆಯಲ್ಲಿದ್ದ ತೆಳ್ಳನೆಯ ಮನುಷ್ಯನನ್ನು ಭೀಮೇಶ ಆಗ ಮೊದಲ ಸಲ ನೋಡಿದ. ಗಡ್ಡದಲ್ಲಿ ಆಗಲೇ ಬಿಳಿ ಕೂದಲು. ಅವನು ಭೀಮೇಶನನ್ನು ನೋಡುತ್ತಿರಲಿಲ್ಲ, ಬೆರಳಚ್ಚಿನವಳ ಸೀರೆಯ ಅಂಚನ್ನು ನೋಡುತ್ತಿದ್ದ, ಪೀಕೋ ಬಿಟ್ಟುಹೋಗಿದ್ದ ಜಾಗವನ್ನು. ಭೀಮೇಶ ಬಾಯಿ ತೆರೆದ. ಮೇಣದಬತ್ತಿ ಎಂಬ ಶಬ್ದ ಗಂಟಲವರೆಗೆ ಬಂದದ್ದು ಅವನಿಗೆ ಚೆನ್ನಾಗಿ ನೆನಪಿದೆ. ತನ್ನದೇ ದನಿ ಬೇರೆಲ್ಲಿಂದಲೋ ಎಂಬಂತೆ ಕೇಳಿಸಿತು.

“ಅಟೆಂಡೆನ್ಸ್ ಸರ್ಟಿಫಿಕೇಟ್ ಒಂದು ಬೇಕಿತ್ತು ಸ್ವಾಮಿ. ಆಫೀಸಿಗೆ ಕೊಡ್ಬೇಕು.”

ಯಾರೋ ಸಣ್ಣಗೆ ನಕ್ಕರು. ಶಿರಸ್ತೇದಾರರ ಹತ್ತಿರ ತಗೊಳ್ಳಿ ಎಂದು ನ್ಯಾಯಾಧೀಶರು ಕೈ ತೋರಿಸಿದರು. ಶಿರಸ್ತೇದಾರರು ಅಚ್ಚಾದ ಚೀಟಿಯಲ್ಲಿ ಅವನ ಹೆಸರು ಬರೆದು, ಹತ್ತೂವರೆಯಿಂದ ಒಂದು ಗಂಟೆಯವರೆಗೆ ಹಾಜರಿದ್ದರು ಎಂದು ತುಂಬಿ, ರಬ್ಬರ್ ಸ್ಟಾಂಪು ಒತ್ತಿ ಕೊಟ್ಟರು. ಭೀಮೇಶ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟು ಬಾಗಿಲ ಕಡೆ ನಡೆದ. ಎರಡು ಕದದ ಬಾಗಿಲಿನಲ್ಲಿ ಒಂದೇ ಕದ ತೆರೆದಿತ್ತು. ಅದೇ ಹೊತ್ತಿಗೆ ಖಾದರನ ಮಣಿಕಟ್ಟು ಹಿಡಿದುಕೊಂಡ ಪೊಲೀಸನೂ ಅಲ್ಲಿಗೆ ಬಂದ, ಮೂವರೂ ಹೊಸ್ತಿಲ ಮುಂದೆ ಒಟ್ಟಿಗೆ ನಿಂತರು. ಖಾದರ್ ಹೆಗಲು ಓರೆ ಮಾಡಿ, ಪೊಲೀಸನನ್ನೂ ಒಂದು ಹೆಜ್ಜೆ ಹಿಂದಕ್ಕೆ ಎಳೆದುಕೊಂಡು, ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ.

“ದೊಡ್ಡೋರು ನೀವು. ಮೊದ್ಲು ಹೋಗಿ ಸಾರ್” ಅಂದ.

ಭೀಮೇಶ ಮೊದಲು ಹೋದ.